ಮಾಮನ ಗಾಲಿಮನೆ

ಗಡಿಯಾರ ನೋಡಿ ಬದುಕುವವರು ಹೊಸಪೇಟೆಯಲ್ಲಿ ಬೇಕಾದಷ್ಟು ಜನ ಇದ್ದಾರೆ. ಆದರೆ ಗಡಿಯಾರವೇ ಯಾರನ್ನಾದರೂ ನೋಡಿಕೊಂಡು ನಡೆಯುತ್ತಿದ್ದರೆ ಅದು ನಮ್ಮ ಸೋದರಮಾವನನ್ನು ಮಾತ್ರ! ನಂಬಿಕೆ ಬರಲಿಲ್ಲವೇ? ಹಾಗಾದರೆ ನನ್ನ ಮದುವೆಯ ಕಥೆ ಕೇಳಿ. ಮುಹೂರ್ತ ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ ಎಂದು ಲಗ್ನಪತ್ರಿಕೆಯಲ್ಲಿ ಅಚ್ಚಾಗಿತ್ತು. ಹತ್ತು ಇಪ್ಪತ್ತಕ್ಕೆ ಸರಿಯಾಗಿ ಮಾಮ ಎದ್ದು ಬಂದ, ನನ್ನ ತಲೆಯ ಮೇಲೆ ಅಕ್ಷತೆ ಹಾಕಿದ, "ಚೆಂದಾಗಿ ಬಾಳವ್ವ" ಎಂದು ಹರಸಿ ಊಟದ ಹಾಲಿಗೆ ಹೋಗಿ ಎಲೆಯ ಮುಂದೆ ಕೂತ. ಆಗ ಮಂಟಪದಲ್ಲಿ ನಾನೊಬ್ಬಳೇ ಇದ್ದೆ. ಮದುಮಗ ಇನ್ನೂ ಒಳಗೆ ಪಂಚೆ ಉಡುತ್ತಿದ್ದರು!

ಮಾಮನ ಹೆಸರು ಇಲ್ಲಿ ಬರೆಯುವುದಿಲ್ಲ. ಬರೆದರೆ ಅವನಿಗೆ ಸಿಟ್ಟೇನೂ ಬರುವುದಿಲ್ಲ. ಆದರೆ ಇದು ಅಚ್ಚಾದ ಪತ್ರಿಕೆ ಅವನ ಕೈಗೆ ಬರುವುದು ಎರಡು ದಿನ ತಡವಾದರೆ ಆ ಜಗಳ ನನ್ನ ತಲೆಗೇ ಬರುತ್ತದೆ.

ತಪ್ಪು ಅವನದಲ್ಲ ಬಿಡಿ, ಅವನ ಕೆಲಸದ್ದು. ಸಂಡೂರಿನ ಗುಡ್ಡದಲ್ಲಿರುವ ಒಂದು ಗಣಿಯ ಸ್ಟಾಫ್ ಬಸ್ಸನ್ನು ಮಾಮ ಮೂವತ್ತು ವರ್ಷಕ್ಕಿಂತ ಹೆಚ್ಚು ಕಾಲ ಓಡಿಸಿದ. ಹೊಸಪೇಟೆಯಿಂದ ಶಿಫ್ಟಿನ ಜನರನ್ನು ಹತ್ತಿಸಿಕೊಂಡು ಸಂಡೂರು ದಾಟಿ ಗುಡ್ಡ ಏರುವುದು, ಶಿಫ್ಟು ಮುಗಿಸಿದವರನ್ನು ಇಳಿಸಿಕೊಂಡು ಬರುವುದು. ದಾರಿಯಲ್ಲಿ ಏಳು ಸ್ಟಾಪು. ಪ್ರತಿ ಸ್ಟಾಪಿನಲ್ಲಿ ಒಂದು ನಿಮಿಷ, ಎರಡು ಸಲ ಹಾರನ್ನು, ಆಮೇಲೆ ಸಾಕ್ಷಾತ್ ಮ್ಯಾನೇಜರೇ ಓಡಿ ಬರುತ್ತಿದ್ದರೂ ಬಸ್ಸು ಹೊರಟಿತೆಂದರೆ ಹೊರಟಿತು. ಈ ಕೆಲಸದಿಂದ ಮಾಮ ಎರಡು ವೇದವಾಕ್ಯಗಳನ್ನು ಕಲಿತಿದ್ದ. ಒಂದು, "ಬಸ್ಸು ಯಾರಿಗೂ ಕಾಯಂಗಿಲ್ಲ." ಇನ್ನೊಂದು, "ಹೋದ ಬಸ್ಸು ಹಿಂದಕ್ಕ ಬರಂಗಿಲ್ಲ."

ಎರಡನೆಯದನ್ನು ಅವನು ಎಷ್ಟು ನಿಷ್ಠೆಯಿಂದ ಪಾಲಿಸುತ್ತಿದ್ದನೆಂದರೆ ರಿವರ್ಸ್ ಗೇರನ್ನೇ ಮುಟ್ಟುತ್ತಿರಲಿಲ್ಲ. "ರಿವರ್ಸ್ ಗೇರು ಇರೋದು ಡ್ರೈವಿಂಗ್ ಬರಲಾರದವ್ರಿಗೆ" ಎನ್ನುತ್ತಿದ್ದ. ಅರ್ಧ ಫರ್ಲಾಂಗು ಹಿಂದೆ ಹೋಗಬೇಕಾದರೆ ಎರಡು ಮೈಲಿ ಮುಂದೆ ಹೋಗಿ, ಸುತ್ತು ಹೊಡೆದು ಬರುತ್ತಿದ್ದ.

ಇಂಥವನ ಜೊತೆ ಸಂಸಾರ ಮಾಡಿದವರು ನಮ್ಮ ಅತ್ತೆ. (ಮಾಮನಿಗೆ ಏಕವಚನ, ಅತ್ತೆಗೆ ಬಹುವಚನ ಯಾಕೆ ಎಂದು ಕೇಳಬೇಡಿ. ಪೂರ್ತಿ ಓದಿದ ಮೇಲೆ ನೀವೂ ಹಾಗೇ ಅನ್ನುತ್ತೀರಿ.) ಮದುವೆಯಾದ ಹೊಸತರಲ್ಲಿ ಅವರು ಗಣಿಯ ಕ್ವಾರ್ಟರ್ಸಿನಲ್ಲಿದ್ದರು. ಅತ್ತೆಯ ತವರು ಸಂಡೂರೇ. ಒಂದು ದಿನ ತವರಿಗೆ ಬಂದವರು ವಾಪಸು ಹೊರಟರು. ಕಂಕುಳಲ್ಲಿ ಎಂಟು ತಿಂಗಳ ಮಗಳು, ಕೈಯಲ್ಲಿ ಸಂತೆಯ ಚೀಲ, ನೆತ್ತಿಯ ಮೇಲೆ ಬಿಸಿಲು. ಊರಾಚೆಯ ಬೇವಿನ ಮರದ ಕೆಳಗೆ ನಿಂತಿದ್ದಾಗ ದೂರದಲ್ಲಿ ಬಸ್ಸು ಕಾಣಿಸಿತು. ಯಾರದು? ಗಂಡನದೇ! ಅತ್ತೆ ನಗುನಗುತ್ತಾ ಕೈ ಮಾಡಿದರು.

ಬಸ್ಸು ನಿಲ್ಲಲಿಲ್ಲ.

ಅದು ಸ್ಟಾಪಲ್ಲ, ಮತ್ತು ಸ್ಟಾಫ್ ಬಸ್ಸಿಗೆ ಮನೆಯವರನ್ನು ಹತ್ತಿಸುವಂತಿಲ್ಲ. ಮಾಮ ನೆಟ್ಟಗೆ ಮುಂದೆ ನೋಡುತ್ತಾ ಹೋಗಿಬಿಟ್ಟ. ಬಸ್ಸಿನ ತುಂಬ ಇದ್ದವರು ಕಿಟಕಿಯಿಂದ ಅತ್ತೆಯನ್ನು ನೋಡಿದರು. ಎರಡು ತಾಸು ಕಾದು, ಬೇರೊಂದು ಗಾಡಿ ಹಿಡಿದು ಮನೆ ಸೇರಿದ ಅತ್ತೆ ಅವತ್ತು ರೊಟ್ಟಿ ಬಡಿದ ಸದ್ದು ಇಡೀ ಕ್ವಾರ್ಟರ್ಸಿಗೆ ಕೇಳಿಸಿತಂತೆ. ಮಾಮ ಉಂಡು ಕೈ ತೊಳೆದುಕೊಂಡು, "ಡ್ಯೂಟಿ ಅಂದ್ರ ಡ್ಯೂಟಿ" ಎಂದ. ಅಷ್ಟೇ. ಅಂದಿನಿಂದ ಮೂವತ್ತೆರಡು ವರ್ಷ, ಮಾಮ ಓಡಿಸುವ ಯಾವ ಗಾಡಿಯನ್ನೂ ಅತ್ತೆ ಹತ್ತಿಲ್ಲ!

ನಗಬೇಡಿ, ನಿಜ. ಒಂದೇ ಮದುವೆಗೆ ಮಾಮ ಸ್ಕೂಟರಿನಲ್ಲಿ, ಅತ್ತೆ ಆಟೋದಲ್ಲಿ. ಒಂದೇ ಆಸ್ಪತ್ರೆಗೆ ಮಾಮ ಮುಂದೆ, ಅತ್ತೆ ಹಿಂದೆ ಸಿಟಿ ಬಸ್ಸಿನಲ್ಲಿ. ಸಾರಿಗೆ ಉಪ್ಪು ಕಡಿಮೆಯಾಗಿದೆ ಎಂದು ಮಾಮ ಅಂದರೂ ಸಾಕು, "ಅವತ್ತು ಸಂಡೂರಾಗ..." ಎಂದು ಶುರುವಾಗುತ್ತಿತ್ತು. ಅವರ ಮನೆಯಲ್ಲಿ ಮಾತು ಎಲ್ಲಿಂದ ಹೊರಟರೂ ಸಂಡೂರಿಗೆ ಹೋಗಿ ನಿಲ್ಲುತ್ತದೆ. ಬಸ್ಸು ಮಾತ್ರ ನಿಂತಿರಲಿಲ್ಲ ನೋಡಿ.

ರಿಟೈರಾಗಿ ಹೊಸಪೇಟೆಯಲ್ಲಿ ನಮ್ಮ ಹಿಂದಿನ ಓಣಿಗೇ ಬಂದು ನೆಲೆಸಿದ ಮೇಲೆ ಮಾಮನಿಗೆ ಮಾಡಲು ಕೆಲಸವಿರಲಿಲ್ಲ. ಹೀಗಿರುವಾಗ ಒಂದು ಸೋಮವಾರ ಹಂಪಿಗೆ ವಿರೂಪಾಕ್ಷನ ದರ್ಶನಕ್ಕೆ ಹೋದವನು ದರ್ಶನವನ್ನೂ ಮರೆತು ಏದುಸಿರು ಬಿಡುತ್ತಾ ನಮ್ಮ ಮನೆಗೆ ಬಂದ.

"ಏ ಹುಡುಗಿ! ಮನಿಗೆ ಗಾಲಿ ಹಚ್ಚ್ಯಾರ!"

ನನಗೆ ನಲವತ್ತೆರಡು ವರ್ಷ. ಮಾಮನಿಗೆ ನಾನಿನ್ನೂ ಹುಡುಗಿ. "ಯಾರು ಮಾಮ?" ಎಂದೆ.

"ಯಾವ್ದೋ ದೇಶದವ್ರು. ಗಂಡ, ಹೆಂಡ್ತಿ, ಎರಡು ಮಕ್ಳು. ಗಾಡಿನಾಗ ಒಲಿ ಐತಿ, ಹಾಸಿಗಿ ಐತಿ, ಕೈ ತೊಳಿಯಾಕ ನಳ ಐತಿ, ಹಿಂದ ಸಣ್ಣದೊಂದು ಪಾಯಖಾನಿನೂ ಐತಿ! ಮನ್ಯಾಗ ಕುಂತಂಗ ಕುಂತು ದೇಶ ತಿರುಗ್ತಾರ. ನಂಗೊಂದು ಲೋಟ ಕರೀ ಕಾಫಿ ಕೊಟ್ರು. ಭಾಳ ಕಹಿ. ಆದ್ರೂ ಕುಡಿದೆ."

"ನಿನಗ್ಯಾಕ ಮಾಮ ಅದು? ನಿನಗ ಮನಿ ಐತಲ್ಲ."

"ಐತಿ. ನಿಂತಲ್ಲೇ ನಿಂತೈತಿ" ಎಂದ ಮಾಮ.

ಅವನ ತಲೆಯಲ್ಲಿ ಏನು ಓಡುತ್ತಿದೆ ಎಂದು ನನಗೆ ಅರ್ಥವಾಗದೆ ಇರಲಿಲ್ಲ. ಅತ್ತೆಗೆ ಶ್ರೀಶೈಲದ ಮಲ್ಲಯ್ಯನಿಗೆ ಹೊತ್ತ ಹರಕೆಯೊಂದು ಬಾಕಿ ಇತ್ತು, ಮಗಳ ಹೆರಿಗೆಯ ಕಾಲದ್ದು. ಈಗ ಅವರಿಗೆ ಮೊಣಕಾಲು ನೋವು, ಜೊತೆಗೆ ಸಕ್ಕರೆ ಕಾಯಿಲೆ. ಒಂದು ತಾಸಿಗಿಂತ ಹೆಚ್ಚು ಕಾಲು ಇಳಿಬಿಟ್ಟು ಕೂರಲಾಗುವುದಿಲ್ಲ, ಹೊತ್ತಿಗೆ ಸರಿಯಾಗಿ ಉಣ್ಣಬೇಕು, ಹೋಟೆಲಿನ ಊಟ ಆಗುವುದಿಲ್ಲ, ಮೇಲಿಂದ ಮೇಲೆ ಬಚ್ಚಲಿಗೆ ಹೋಗಬೇಕು. ಅಷ್ಟು ದೂರದ ಬಸ್ಸಿನಲ್ಲಿ ಹೋಗುವುದು ಕನಸಿನ ಮಾತು. "ಇನ್ನೇನು ಮಲ್ಲಯ್ಯನಾ ಇಲ್ಲಿಗೆ ಬರಬೇಕು" ಎಂದು ಅತ್ತೆ ಆಗಾಗ ಅನ್ನುತ್ತಿದ್ದರು. ಅಂದಮೇಲೆ ಅತ್ತೆ ಹೋಗುವುದಾದರೆ ಗಾಲಿಮನೆಯಲ್ಲೇ ಹೋಗಬೇಕು. ಗಾಲಿಮನೆ ಓಡಿಸುವವನು ಮಾಮ. ಮಾಮ ಓಡಿಸಿದರೆ ಅತ್ತೆ ಹತ್ತುವುದಿಲ್ಲ! ಈ ಗಂಟನ್ನು ಬಿಚ್ಚುವವರು ಯಾರು?

ಮೊದಲು ಗಾಡಿಯಂತೂ ಬೇಕಲ್ಲ. ಹೊಸದರ ಬೆಲೆ ಕೇಳಿದಾಗ ಮಾಮ ಕುರ್ಚಿ ಹಿಡಿದುಕೊಂಡ. ಹಳೆಯದನ್ನು ಹುಡುಕುತ್ತಾ ಹೋದಾಗ ಕಂಪ್ಲಿಯಲ್ಲಿ ಒಬ್ಬ ಅಕ್ಕಿ ಗಿರಣಿಯ ಸಾವಕಾರರು ಸಿಕ್ಕರು. ಅವರು ಎಂದೋ ಒಂದು ಹಳೆಯ ಮಿನಿಬಸ್ಸಿಗೆ ಎರಡು ಮಂಚ, ಒಲೆಕಟ್ಟೆ, ಹಿಂದೆ ಸಣ್ಣದೊಂದು ಪಾಯಖಾನೆ, ನೆತ್ತಿಯ ಮೇಲೆ ನೀರಿನ ಟ್ಯಾಂಕು ಎಲ್ಲ ಕೂಡಿಸಿ ಮನೆಮಂದಿಯನ್ನು ತೀರ್ಥಯಾತ್ರೆಗೆ ಒಯ್ಯುತ್ತಿದ್ದರು. ಈಗ ಅದು ಗಿರಣಿಯ ಗೋದಾಮಿನಲ್ಲಿ ತೌಡಿನ ಚೀಲಗಳ ನಡುವೆ ನಿಂತಿತ್ತು. ನೋಡಲು ಮಾಮ ನನ್ನನ್ನೂ ಕರೆದುಕೊಂಡು ಹೋದ.

ಹಳೆಯ ಗಾಡಿ ಕೊಳ್ಳುವುದನ್ನು ಮಾಮನಿಂದ ಕಲಿಯಬೇಕು. ಎಂಜಿನ್ ಎಣ್ಣೆಯನ್ನು ಬೆರಳಿಗೆ ಹಚ್ಚಿ ಮೂಸಿದ. ಎಂಜಿನ್ ಚಾಲೂ ಮಾಡಿಸಿ ಅದರ ಮೇಲೆ ಒಂದು ನಾಣ್ಯ ನಿಲ್ಲಿಸಿ, ಅದು ಬೀಳುತ್ತದೋ ಇಲ್ಲವೋ ನೋಡಿದ. ಕೆಳಗೆ ತೂರಿ ತುಕ್ಕು ಕೆರೆದ. ಆರ್‌ಸಿ, ಎಫ್‌ಸಿ, ಇನ್ಶೂರೆನ್ಸು ಎಲ್ಲ ಬೆಳಕಿಗೆ ಹಿಡಿದು ಓದಿದ. ಆಮೇಲೆ ಸಾವಕಾರರು ಬೆಲೆ ಹೇಳಿದರು. ಮಾಮ ಒಂದು ಮಾತೂ ಆಡದೆ ಕೈಗಡಿಯಾರ ನೋಡಿ, ಒಳಗೆ ಹತ್ತಿ, ಮಂಚದ ಮೇಲೆ ಮಲಗಿ, ಗೊರಕೆ ಹೊಡೆಯತೊಡಗಿದ!

ವಿಷಯ ಇಷ್ಟೇ, ಗಂಟೆ ಎರಡಾಗಿತ್ತು. ಎರಡರಿಂದ ಎರಡೂವರೆಯ ತನಕ ಮಾಮ ಮಲಗುವ ಹೊತ್ತು. ಸಾವಕಾರರಿಗೆ ಇದು ಹೇಗೆ ಗೊತ್ತಾಗಬೇಕು? ಹತ್ತು ನಿಮಿಷ ಕಾದರು. "ರೇಟು ಜಾಸ್ತಿ ಆತೇನ್ರಿ?" ಎಂದು ಕಿಟಕಿಯಲ್ಲಿ ಇಣುಕಿ ಒಂದಿಷ್ಟು ಇಳಿಸಿದರು. ಗೊರಕೆಯೇ ಉತ್ತರ. ಇನ್ನೂ ಒಂದಿಷ್ಟು ಇಳಿಸಿದರು. ಎರಡೂವರೆಗೆ ಮಾಮ ಎದ್ದು ಕಣ್ಣುಜ್ಜಿಕೊಳ್ಳುವ ಹೊತ್ತಿಗೆ ಬೆಲೆ ಈಗಿನ ಹುಡುಗರು ಓಡಿಸುವ ಬೈಕಿನ ಬೆಲೆಗೆ ಬಂದು ಕೂತಿತ್ತು. "ಇಂಥಾ ಗಟ್ಟಿ ಗಿರಾಕಿನ್ನ ನಾ ಕಂಡೇ ಇಲ್ಲವ್ವ" ಎಂದು ಸಾವಕಾರರು ನನ್ನ ಹತ್ತಿರ ಹೇಳಿಕೊಂಡರು.

ಕೊನೆಗೊಂದು ತೊಡಕು ಬಂತು. ಗೋದಾಮಿನಿಂದ ಗಾಡಿಯನ್ನು ಹೊರಗೆ ತರಲು ಗಿರಣಿಯ ಡ್ರೈವರು ರಿವರ್ಸ್ ಹಾಕಿದ ಕೂಡಲೇ ಗಾಡಿಯ ಹಿಂದಿನಿಂದ ಗಟ್ಟಿಮೇಳ ಮೊಳಗಿತು! ಡೋಲು, ನಾದಸ್ವರ, ತಾಳಿ ಕಟ್ಟುವಾಗ ಬಾರಿಸುತ್ತಾರಲ್ಲ, ಅದೇ.

"ಮಗಳ ಮದುವಿಗೆ ಹಾಕ್ಸಿದ್ದು" ಎಂದರು ಸಾವಕಾರರು ಹೆಮ್ಮೆಯಿಂದ. "ರಿವರ್ಸ್ ಹಾಕಿದ್ರ ಹೊಡಿತೈತಿ."

"ಕಿತ್ತು ಒಗೀರಿ" ಎಂದ ಮಾಮ.

"ಕಿತ್ರ ಬ್ರೇಕಿನ ಲೈಟೂ ಹೋಗ್ತೈತ್ರಿ. ಎಲ್ಲಾ ಒಂದಾ ವೈರು."

ಮಾಮ ಯೋಚಿಸಿ, "ಇರ್ಲಿ ಬಿಡ್ರಿ. ನಾನೇನು ರಿವರ್ಸ್ ಹಾಕಾಂವ?" ಎಂದ.

ಗಾಡಿ ಹೊಸಪೇಟೆಯ ದಾರಿ ಹಿಡಿಯಿತು. ಸೆಕೆ ಎಂದು ನಾನು ಫ್ಯಾನಿನ ಗುಂಡಿ ಒತ್ತಿದೆ. ಅಷ್ಟೇ! ವರ್ಷಗಳಿಂದ ಸಂದುಗೊಂದುಗಳಲ್ಲಿ ಕೂತಿದ್ದ ತೌಡೆಲ್ಲ ಎದ್ದು ನಮ್ಮ ಮೇಲೆ ಸುರಿಯಿತು. ಬೆಳ್ಳಗಾಗಿ ಮನೆಯ ಮುಂದೆ ಇಳಿದ ನಮ್ಮನ್ನು ಅತ್ತೆ ಮೇಲಿಂದ ಕೆಳಗೆ ನೋಡಿದರು. "ಇದೇನವ್ವ? ಗಾಡಿ ತರ್ತೀನಿ ಅಂತ ಹೋದವ್ರು ಗಿರಣಿನಾ ತಂದಾರಲ್ಲ!"

ಆಮೇಲೆ ಒಂದು ತಿಂಗಳು ಮಾಮ ಆ ಗಾಡಿಯ ಬೆನ್ನಿಗೆ ಬಿದ್ದ. ಹೊಸ ಸಾಮಾನು ಕೊಂಡರೆ ಬಜೆಟ್ಟು ಮುರಿಯುತ್ತದೆ ಎಂದು ಅತ್ತೆಯ ಹಳೆಯ ಸೀರೆಗಳನ್ನು ಪರದೆ ಮಾಡಿದ, ನಮ್ಮ ಅಟ್ಟದಲ್ಲಿದ್ದ ಒಲೆಯನ್ನು ಒಯ್ದ, ನನ್ನ ಮಕ್ಕಳ ಹಳೆಯ ಹಾಸಿಗೆ ಒಯ್ದ. ಡ್ರೈವರ್ ಪಕ್ಕದ ಸೀಟಿಗೆ ಮಾತ್ರ ದುಡ್ಡಿನ ಮುಖ ನೋಡಲಿಲ್ಲ. ಹೊಸ ಮೆತ್ತೆ ಹಾಕಿಸಿದ. ಕಾಲು ಚಾಚಲು ಮುಂದೊಂದು ಹಲಗೆ, ಹಿಡಿದುಕೊಂಡು ಹತ್ತಲು ಒಂದು ಕಂಬಿ, ಬಾಗಿಲ ಕೆಳಗೆ ಗೇಣುದ್ದ ಎತ್ತರದ ಒಂದು ಮೆಟ್ಟಿಲು ವೆಲ್ಡ್ ಮಾಡಿಸಿದ. ಎಲ್ಲ ಮುಗಿದ ಮೇಲೆ ಸೀಟಿಗೆ ಟವೆಲ್ ಹೊದಿಸಿ, ಹಗ್ಗ ಕಟ್ಟಿ, "ಇಲ್ಲಿ ಯಾರೂ ಕುಂದ್ರಂಗಿಲ್ಲ" ಎಂದು ಸಾರಿದ.

"ಮೆಟ್ಲು ಯಾರಿಗೆ ಮಾಮ?" ಎಂದೆ.

"ಯಾರ್ದರ ಕಾಲಿಗೆ ಬೇಕಾಗ್ತೈತಿ" ಎಂದು ಬೇರೆ ಕಡೆ ನೋಡಿದ. ಅತ್ತೆ ಬಾಗಿಲಲ್ಲಿ ನಿಂತು ಎಲ್ಲ ನೋಡುತ್ತಿದ್ದರು, ಆದರೆ ಹತ್ತಿರ ಬರಲಿಲ್ಲ.

ಪರೀಕ್ಷೆಗೆಂದು ಒಂದು ಭಾನುವಾರ ನನ್ನನ್ನೂ ಮಕ್ಕಳನ್ನೂ ಕೂರಿಸಿಕೊಂಡು ಸಂಡೂರಿನ ರಸ್ತೆಗೆ ಬಿಟ್ಟ. ಹತ್ತು ನಿಮಿಷ ಹೋಗುವುದರೊಳಗೆ ಗಾಡಿ ನಿಂತಿತು. ಹಾರನ್ ಎರಡು ಸಲ ಹೊಡೆಯಿತು. ಏನಾಯಿತು ಎಂದು ನೋಡುತ್ತೇನೆ, ಅದು ಅವನ ಹಳೆಯ ಸ್ಟಾಪು! "ಕಾಲು ತಾನಾ ಬ್ರೇಕ್ ಹಿಡಿತು ನೋಡು" ಎಂದ ಮಾಮ ನಾಚಿಕೊಂಡು. ಅಷ್ಟರಲ್ಲಿ ಒಬ್ಬ ಅಜ್ಜಿ ಬಾಗಿಲು ತೆರೆದು, ಹತ್ತಿ, ಮಂಚದ ಮೇಲೆ ಕೂತು, ಆಧಾರ್ ಕಾರ್ಡ್ ತೆಗೆದು ನನ್ನ ಮೂಗಿಗೆ ಹಿಡಿದಳು.

"ಅಜ್ಜಿ, ಇದು ಸರ್ಕಾರಿ ಬಸ್ಸಲ್ಲ."

"ಗೊತ್ತೈತವ್ವ. ಸರ್ಕಾರಿ ಬಸ್ಸಿನಾಗ ಹಾಸಿಗಿ ಎಲ್ಲಿರ್ತೈತಿ? ಇದು ಬ್ಯಾರೆ ಸ್ಕೀಮು" ಎಂದಳು ಅಜ್ಜಿ, ಮತ್ತು ಕಾಲು ಚಾಚಿದಳು.

ಮುಂದಿನ ಸ್ಟಾಪು, ಅದರ ಮುಂದಿನ ಸ್ಟಾಪು, ಎಲ್ಲ ಕಡೆಯೂ ಮಾಮನ ಕಾಲು ತಾನೇ ಬ್ರೇಕ್ ಹಿಡಿಯಿತು, ಜನ ಹತ್ತಿದರು. ಕೊನೆಗೆ ಸಂಡೂರು ಮುಟ್ಟುವ ಮೊದಲೇ ನಾವು ವಾಪಸಾಗಬೇಕಾಯಿತು, ನಮಗೇ ಕೂರಲು ಜಾಗ ಇರಲಿಲ್ಲ!

ಎರಡನೇ ಪರೀಕ್ಷೆ ಹಂಪಿಗೆ. ಬರುವಾಗ ಕಮಲಾಪುರದಲ್ಲಿ ಬಾಳೆಹಣ್ಣು ಕೊಳ್ಳಲು ಇಳಿದೆ. "ಐದು ನಿಮಿಷ" ಎಂದಿದ್ದ ಮಾಮ. ನಾನು ಚೌಕಾಸಿ ಮಾಡುತ್ತಾ ಏಳು ನಿಮಿಷ ಮಾಡಿದೆ. ತಿರುಗಿ ನೋಡಿದರೆ ಗಾಡಿ ಹೋಗುತ್ತಿದೆ, ನಾನು ಹೆತ್ತ ಮಕ್ಕಳೇ ಹಿಂದಿನ ಕಿಟಕಿಯಿಂದ ನನಗೆ ಟಾಟಾ ಮಾಡುತ್ತಿದ್ದಾರೆ! ಫೋನ್ ಮಾಡಿದರೆ ಮಾಮ ಹೇಳಿದ್ದು ಒಂದೇ ಮಾತು, "ಹೋದ ಬಸ್ಸು ಹಿಂದಕ್ಕ ಬರಂಗಿಲ್ಲ, ಆಟೋ ಹಿಡಿ." ಗೊನೆ ಹೊತ್ತುಕೊಂಡು ಆಟೋದಲ್ಲಿ ಮನೆಗೆ ಬಂದು ಅತ್ತೆಯ ಮುಂದೆ ಕೂತು ಗೋಳಾಡಿದೆ. ಅತ್ತೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ಈಗ ತಿಳೀತಲ್ಲ? ನಾ ಸುಳ್ಳು ಹೇಳ್ತೀನಿ ಅನ್ಕೊಂಡಿದ್ರಿ ಎಲ್ರೂ" ಎಂದರು. ನಗು ನಿಂತ ಮೇಲೆ ಸುಮ್ಮನೆ ಹೊರಗೆ, ಆ ಗೇಣುದ್ದದ ಮೆಟ್ಟಿಲಿನ ಕಡೆ ನೋಡುತ್ತಾ ಕೂತರು.

"ಅತ್ತಿ, ನಿಮಗೋಸ್ಕರನಾ ಮಾಡ್ಸ್ಯಾನ. ಹತ್ತಬಾರದೇನು?" ಎಂದೆ ಮೆಲ್ಲಗೆ.

ಅವರು ಸೆರಗಿನಿಂದ ಕಣ್ಣೊರೆಸಿಕೊಂಡರು. ಆಮೇಲೆ ಗಟ್ಟಿಯಾಗಿ, ಒಳಗಿದ್ದ ಮಾಮನಿಗೆ ಕೇಳಿಸುವ ಹಾಗೆ, ನನಗೆ ಹೇಳಿದರು. "ನಿಮ್ಮ ಮಾಮಗ ಹೇಳವ್ವ. ಮಲ್ಲಯ್ಯನ ಗುಡಿಗೆ ನಾ ಬರ್ತೀನಿ. ಆದ್ರ ಇಲ್ಲಿ ಹತ್ತಂಗಿಲ್ಲ. ಸಂಡೂರಾಗ ಅದಾ ಬೇವಿನ ಗಿಡದ ಕೆಳಗ ನಿಂದ್ರತೀನಿ. ಕೈ ಮಾಡ್ತೀನಿ. ನಿಲ್ಸಿದ್ರ ಹತ್ತತೀನಿ. ನಿಲ್ಸಲಿಲ್ಲಂದ್ರ ತವರುಮನಿಗೆ ನಡ್ಕೊಂತ ಹೋಗ್ತೀನಿ. ಇನ್ನ ಆ ಮಾತು ಎತ್ತಂಗಿಲ್ಲ, ಗಾಡೀನೂ ಹತ್ತಂಗಿಲ್ಲ."

ಒಳಗಿಂದ ಮಾಮನ ದನಿ ಬಂತು. "ಹತ್ತು ಗಂಟಿ ಹತ್ತು ನಿಮಿಷಕ್ಕ ಗಿಡದ ಹತ್ರ ಇರಾಕ ಹೇಳು."

ಹೊಸಪೇಟೆಯಿಂದ ಶ್ರೀಶೈಲಕ್ಕೆ ಸಂಡೂರಿನ ಮೇಲೆ ಹೋಗುವುದೆಂದರೆ ಕೊಂಕಣ ಸುತ್ತಿ ಮೈಲಾರಕ್ಕೆ ಬಂದ ಹಾಗೆ. ಆದರೂ ಹೊರಟೆವು. ಮಾಮ, ನಮ್ಮ ಮನೆಯವರು, ಮಕ್ಕಳು ಗಾಲಿಮನೆಯಲ್ಲಿ. ಅತ್ತೆ ಮತ್ತು ನಾನು ಸರ್ಕಾರಿ ಬಸ್ಸಿನಲ್ಲಿ, ಮುಂಚೆಯೇ. ಅತ್ತೆ ಇಳಕಲ್ ಸೀರೆ ಉಟ್ಟಿದ್ದರು. ಕೈಯಲ್ಲಿ ಬುತ್ತಿಯ ಚೀಲ, ಅದರಲ್ಲಿ ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ, ಮೊಸರು. ಬೇವಿನ ಮರ ಈಗ ಇಬ್ಬರು ತಬ್ಬಿದರೂ ಸಿಗದಷ್ಟು ದಪ್ಪವಾಗಿತ್ತು. ಅದರ ಕೆಳಗೆ ಈಗ ಒಂದು ಎಳನೀರಿನ ಗಾಡಿಯೂ ಇತ್ತು. ಅತ್ತೆ ಮೊಣಕಾಲು ಹಿಡಿದುಕೊಂಡು ನಿಂತರು. ಕೂರಿ ಎಂದರೆ ಕೂರಲಿಲ್ಲ. "ಅವತ್ತೂ ನಿಂತಿದ್ನೆವ್ವ" ಎಂದರು.

ಹತ್ತು ಹತ್ತಕ್ಕೆ ಸರಿಯಾಗಿ ಗಾಡಿ ಕಾಣಿಸಿತು. ಅತ್ತೆ ಸೆರಗು ಸರಿ ಮಾಡಿಕೊಂಡು ಕೈ ಎತ್ತಿದರು. ಗಾಡಿ ಹತ್ತಿರ ಬಂತು, ಮಾಮನ ಮುಖ ಕಂಡಿತು, ನೆಟ್ಟಗೆ ಮುಂದೆ ನೋಡುತ್ತಿದ್ದ.

ಗಾಡಿ ನಮ್ಮನ್ನು ದಾಟಿ ಹೋಯಿತು!

ಅತ್ತೆಯ ಕೈ ಎತ್ತಿದ್ದು ಎತ್ತಿದ ಹಾಗೇ ಇತ್ತು. ಆಮೇಲೆ ಮೆಲ್ಲಗೆ ಇಳಿಯಿತು. "ನೋಡಿದೇನವ್ವ?" ಎಂದರು, ಅಷ್ಟು ಸಣ್ಣ ದನಿಯನ್ನು ನಾನು ಅವರ ಬಾಯಿಂದ ಎಂದೂ ಕೇಳಿರಲಿಲ್ಲ. ನನಗೆ ಮಾಮನ ಮೇಲೆ ಬಂದ ಸಿಟ್ಟಿಗೆ ಅಲ್ಲೇ ಬಿದ್ದಿದ್ದ ಎಳನೀರಿನ ಬುರುಡೆ ತೆಗೆದು ಎಸೆಯಬೇಕು ಅನ್ನಿಸಿತು. ಅತ್ತೆ ಬುತ್ತಿಯ ಚೀಲ ಎತ್ತಿಕೊಂಡು ತವರುಮನೆಯ ಓಣಿಯ ಕಡೆ ತಿರುಗಿದರು.

ಆಗ ಹಿಂದಿನಿಂದ ಗಟ್ಟಿಮೇಳ ಕೇಳಿಸಿತು.

ಡೋಲು, ನಾದಸ್ವರ, ಎಲ್ಲ ಒಟ್ಟಿಗೆ. ತಿರುಗಿ ನೋಡಿದರೆ ಗಾಲಿಮನೆ ಹಿಂದಕ್ಕೆ ಬರುತ್ತಿದೆ! ಜನ್ಮದಲ್ಲಿ ರಿವರ್ಸ್ ಹಾಕದ ಮನುಷ್ಯ, ಕಿಟಕಿಯಿಂದ ಕತ್ತು ಹೊರಗೆ ಚಾಚಿ, ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ವಾಲುತ್ತಾ, ಹಿಂದಿನ ಲಾರಿಯವರಿಂದ ಬೈಸಿಕೊಳ್ಳುತ್ತಾ ಬರುತ್ತಿದ್ದಾನೆ. ನಮ್ಮ ಮನೆಯವರು ಇಳಿದು ಓಡುತ್ತಾ ಹಿಂದಿನ ಗಾಡಿಗಳನ್ನು ತಡೆಯುತ್ತಿದ್ದಾರೆ. ಎಳನೀರಿನವನು ಕತ್ತಿ ಕೆಳಗಿಟ್ಟು, "ಯಾರದ್ರೀ ಮದುವಿ?" ಎಂದು ಕೇಳಿದ.

ಗಾಡಿ ಬೇವಿನ ಮರದ ಕೆಳಗೆ ಬಂದು ನಿಂತಿತು. ಮೇಳ ನಿಂತಿತು. ಮಾಮ ಇಳಿದು ಬಂದ. ಮುಖದ ಮೇಲೆಲ್ಲ ಬೆವರು.

"ಕಾಲು ಮಾತು ಕೇಳಲಿಲ್ಲ ನೋಡು" ಎಂದ. "ಇಲ್ಲಿ ಒಂದಿನಾನೂ ಬ್ರೇಕ್ ಹಿಡಿದಿಲ್ಲ. ತಾನಾ ಮುಂದಕ್ಕ ಹೋತು."

"ನಾ ಕಾಣ್ಲಿಲ್ಲೇನು ನಿಮಗ?" ಎಂದರು ಅತ್ತೆ.

"ಕಂಡಿ." ಮಾಮ ನೆಲ ನೋಡುತ್ತಾ ನಿಂತ. "ಅವತ್ತೂ ಕಂಡಿದ್ದಿ. ಕನ್ನಡ್ಯಾಗ ನೋಡ್ಕೊಂತಾನ ಹೋಗಿದ್ದೆ. ತಿರುವು ಬರೋ ತನಕ ನೀ ಕೈ ಇಳಿಸಿರಲಿಲ್ಲ."

ಮೂವತ್ತೆರಡು ವರ್ಷದಲ್ಲಿ ಈ ಮಾತನ್ನು ಅವನು ಯಾರಿಗೂ ಹೇಳಿರಲಿಲ್ಲ. ಅತ್ತೆ ಅವನನ್ನೇ ನೋಡಿದರು. ಕಣ್ಣು ತುಂಬಿತ್ತು, ಆದರೆ ಬಿಟ್ಟುಕೊಡಬೇಕಲ್ಲ!

"ಭಾಳ ಲೇಟ್ ಆತು ನಿಮ್ಮ ಬಸ್ಸು" ಎಂದರು.

ಮಾಮ ಕೈಗಡಿಯಾರ ನೋಡಲಿಲ್ಲ. "ಹೌದು. ಲೇಟಾತು" ಎಂದ.

ಟವೆಲು, ಹಗ್ಗ ಬಿಚ್ಚಿದ. ಅತ್ತೆ ಕಂಬಿ ಹಿಡಿದು, ಗೇಣುದ್ದದ ಮೆಟ್ಟಿಲ ಮೇಲೆ ಕಾಲಿಟ್ಟು, ಯಾರ ಕೈಯನ್ನೂ ಹಿಡಿಯದೆ ಹತ್ತಿದರು. ಹಲಗೆಯ ಮೇಲೆ ಕಾಲು ಚಾಚಿದರು. ಸೀರೆಯ ನೆರಿಗೆ ಸರಿ ಮಾಡಿಕೊಂಡರು, ಚೀಲವನ್ನು ಪಕ್ಕಕ್ಕಿಟ್ಟರು, ಒಂದು ಗುಟುಕು ನೀರು ಕುಡಿದರು. ನಾವೆಲ್ಲ ಹಿಂದೆ ಕೂತೆವು. ಮಾಮ ಎಂಜಿನ್ ಚಾಲೂ ಮಾಡಿ, ಗೇರಿನ ಮೇಲೆ ಕೈಯಿಟ್ಟು, ಅತ್ತೆಯ ಕಡೆ ತಿರುಗಿದ.

"ಆತೇನು? ಹೊಂಡೂನೇನು?"

"ತಡೀರಿ ಒಂಚೂರು" ಎಂದರು ಅತ್ತೆ.

ಅವರಿಗೆ ಅಲ್ಲಿ ಏನೂ ಕೆಲಸವಿರಲಿಲ್ಲ. ಕೈ ಕಟ್ಟಿಕೊಂಡು, ಗಾಜಿನಾಚೆ ರಸ್ತೆಯನ್ನು ನೋಡುತ್ತಾ ಸುಮ್ಮನೆ ಕೂತಿದ್ದರು. ಬಸ್ಸು ಕಾಯಿತು.